ಪ್ಯಾರಾಶೂಟಿಗೆ ಹೋದ ನಮ್ಮ ರೇಷ್ಮೆ: ಅಟ್ಲಾಂಟಿಕ್ ದೋಸ್ತಿ ಮತ್ತು ನಮ್ಮ ಸೀಮೆ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸುಗಳು ಸಾಲುಗಟ್ಟುವುದನ್ನು ನೀವು ನೋಡಿರುತ್ತೀರಿ. ಜಪಾನಿನ ಟೊಯೋಟ, ಜರ್ಮನಿಯ ಬಾಷ್, ಅಮೆರಿಕದ ಕೋಕಾ-ಕೋಲಾ, ಮೂರೂ ಇದೇ ಸುತ್ತಮುತ್ತ. ಎಂಬತ್ತು ವರ್ಷದ ಹಿಂದೆ ಇದೇ ಮೂರು ದೇಶಗಳು ಪರಸ್ಪರ ಬಾಂಬ್ ಸುರಿಯುವ ಸ್ಥಿತಿಯಲ್ಲಿದ್ದವು. ಜಪಾನ್, ಜರ್ಮನಿ ಒಂದು ಕಡೆ. ಅಮೆರಿಕ, ಬ್ರಿಟನ್ ಇನ್ನೊಂದು ಕಡೆ. ಈಗ ಮೂರರ ಬಸ್ಸೂ ಒಂದೇ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಲ್ಲುತ್ತದೆ.

ಟಿವಿಯಲ್ಲಿ ನ್ಯಾಟೋ, ಉಕ್ರೇನ್, ಅಮೆರಿಕ-ಯುರೋಪ್ ಜಟಾಪಟಿ ಅಂತ ಬಂದಾಗ ನಮ್ಮ ಕಡೆ ಜನ ಚಾನೆಲ್ ಬದಲಾಯಿಸುತ್ತಾರೆ. ಅಷ್ಟು ದೂರದ ಸಮುದ್ರದ ಆಚೆ-ಈಚೆ ದಡದವರ ವ್ಯವಹಾರ ನಮಗ್ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಎರಡು ದಡಗಳು ಒಂದಾದ ಕಾಲದಲ್ಲಿ ಅದರ ಬಿಸಿ ಮೊದಲು ತಟ್ಟಿದ ಕಡೆಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯೂ ಒಂದು. ಕಾರಣ ನಮ್ಮ ರೇಷ್ಮೆ ಹುಳು.

ಮೊದಲು 1930ರ ದಶಕದ ಪರಿಸ್ಥಿತಿ ನೋಡೋಣ. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರು, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ನೆನಪಿಗೆ ಇಟ್ಟದ್ದು. ಈ ತಾಲ್ಲೂಕುಗಳೆಲ್ಲ ಬೆಂಗಳೂರು ಜಿಲ್ಲೆಯಲ್ಲಿದ್ದವು, ಆಳುತ್ತಿದ್ದದ್ದು ಮೈಸೂರು ಸಂಸ್ಥಾನ. ಟಿಪ್ಪು ಸುಲ್ತಾನ್ ಕಾಲದಿಂದ ಬಂದ ರೇಷ್ಮೆ ಸಾಕಣೆ ಆ ಹತ್ತು ವರ್ಷ ತೀರಾ ನೆಲ ಕಚ್ಚಿತ್ತು. ಜಪಾನ್ ಮತ್ತು ಚೀನಾದ ಅಗ್ಗದ ನೂಲು ಹಡಗಿನಲ್ಲಿ ಬಂದು ಬೀಳುತ್ತಿತ್ತು. ಭಾರತ ಸರ್ಕಾರದ ಸುಂಕ ಮಂಡಳಿ 1933ರಲ್ಲಿ ವಿಚಾರಣೆ ನಡೆಸಿ, ಮರುವರ್ಷ ಆಮದಿನ ಮೇಲೆ ರಕ್ಷಣಾ ಸುಂಕ ಬಂತು. ಅದು ಸಾಕಾಗಲಿಲ್ಲ. ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದವರು ಎಷ್ಟೋ ಮಂದಿ.

ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲ ಅದು. ಸಂಸ್ಥಾನದ ಬೆಂಬಲದಿಂದ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ ಬಂದದ್ದು ಆಗಲೇ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ತ್ಯಾಜ್ಯ, ತೂತು ಬಿದ್ದ ಗೂಡು, ತುಂಡು ಎಳೆ, ಇವನ್ನೆಲ್ಲ ಹಿಂಜಿ ಹತ್ತಿಯ ಹಾಗೆ ನೂಲುವುದು ಅದರ ಕೆಲಸ. ಕಸವನ್ನು ಕಾಸು ಮಾಡುವ ಗಿರಣಿ ಅನ್ನಬಹುದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1939ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. 1940ರ ಜೂನ್‌ನಲ್ಲಿ ಇಟಲಿ ಜರ್ಮನಿಯ ಜೊತೆ ಸೇರಿತು, ಅಲ್ಲಿಂದ ಬ್ರಿಟನ್ನಿಗೆ ಬರುತ್ತಿದ್ದ ರೇಷ್ಮೆ ನಿಂತಿತು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದರೂ 1941ರ ಮಾರ್ಚ್ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಬ್ರಿಟನ್ನಿಗೆ ವಿಮಾನ, ಹಡಗು, ಗುಂಡು, ಗೋಧಿ ಏನು ಬೇಕೋ ಕೊಡುವುದು, ದುಡ್ಡಿನ ಲೆಕ್ಕ ಆಮೇಲೆ ನೋಡಿಕೊಳ್ಳುವುದು. ಲೆಂಡ್-ಲೀಸ್ ಅಂತ ಅದರ ಹೆಸರು. ನಮ್ಮೂರಲ್ಲಿ ಬಿತ್ತನೆಗೆ ರಾಗಿ ಕೈಗಡ ಕೊಟ್ಟು ಸುಗ್ಗಿಯಲ್ಲಿ ನೋಡೋಣ ಅನ್ನುತ್ತಾರಲ್ಲ, ಸುಮಾರು ಹಾಗೆಯೇ. ಆಗಸ್ಟ್ 14ರಂದು ರೂಸ್‌ವೆಲ್ಟ್, ಚರ್ಚಿಲ್ ಇಬ್ಬರೂ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಯುದ್ಧನೌಕೆಗಳ ಮೇಲೆ ಭೇಟಿಯಾಗಿ ಅಟ್ಲಾಂಟಿಕ್ ಸನ್ನದು ಹೊರಡಿಸಿದರು. ಇವತ್ತಿನ ನ್ಯಾಟೋದ ಬೇರು ಹುಡುಕಿದರೆ ಅದು ಈ ದೋಸ್ತಿಯಲ್ಲಿದೆ.

ಈಗ ರೇಷ್ಮೆಗೆ ಬರೋಣ. ಅಮೆರಿಕ ಬಳಸುತ್ತಿದ್ದ ಕಚ್ಚಾ ರೇಷ್ಮೆಯ ಬಹುಪಾಲು ಜಪಾನಿನದು. ಜಪಾನ್ ಆ ರೇಷ್ಮೆ ಮಾರಿದ ಡಾಲರಿನಲ್ಲೇ ತೈಲ, ಕಬ್ಬಿಣ ಕೊಳ್ಳುತ್ತಿತ್ತು, ಅದರಲ್ಲೇ ಚೀನಾದ ಮೇಲೆ ಯುದ್ಧ ಮಾಡುತ್ತಿತ್ತು. 1941ರ ಜುಲೈ ಕೊನೆಗೆ ಅಮೆರಿಕ ಜಪಾನಿನ ಹಣ-ಆಸ್ತಿಯನ್ನು ಮುಟ್ಟುಗೋಲು ಹಾಕಿತು. ವ್ಯಾಪಾರ ನಿಂತಿತು. ಮರುತಿಂಗಳು ತನ್ನ ದೇಶದಲ್ಲಿದ್ದ ಕಚ್ಚಾ ರೇಷ್ಮೆ ದಾಸ್ತಾನು ಖಾಸಗಿಯವರು ಮುಟ್ಟದಂತೆ ತಡೆದು ಸೇನೆಗೆ ಮೀಸಲಿಟ್ಟಿತು. ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಜಗತ್ತಿನ ದೊಡ್ಡ ರೇಷ್ಮೆ ದೇಶಗಳಲ್ಲಿ ಜಪಾನ್, ಇಟಲಿ ಶತ್ರುಗಳಾದವು, ಚೀನಾದ ಕರಾವಳಿ ಜಪಾನಿನ ಹಿಡಿತದಲ್ಲಿತ್ತು. ಉಳಿದದ್ದು ಯಾರು? ಮೈಸೂರು, ಕಾಶ್ಮೀರ, ಬಂಗಾಳ.

ಯುದ್ಧಕ್ಕೆ ರೇಷ್ಮೆ ಯಾಕೆ ಬೇಕು ಅಂತ ನೀವು ಕೇಳಬಹುದು. ಮುಖ್ಯವಾಗಿ ಎರಡು ಕೆಲಸಕ್ಕೆ. ಒಂದು ಪ್ಯಾರಾಶೂಟ್. ರೇಷ್ಮೆ ಹಗುರ, ಗಟ್ಟಿ, ಸಣ್ಣದಾಗಿ ಮಡಚಿದರೂ ಬಿಚ್ಚುವಾಗ ಒಂದಕ್ಕೊಂದು ಅಂಟದೆ ಜರ್ರನೆ ತೆರೆದುಕೊಳ್ಳುತ್ತದೆ. ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ. ದೊಡ್ಡ ಫಿರಂಗಿಗಳಿಗೆ ಮದ್ದನ್ನು ಚೀಲದಲ್ಲಿ ಕಟ್ಟಿ ತುರುಕುತ್ತಿದ್ದರು. ಆ ಚೀಲ ಹತ್ತಿಯದಾದರೆ ಹಾರಿಸಿದ ಮೇಲೂ ಒಳಗೆ ಕೆಂಡದ ಚೂರು ಉಳಿದು, ಮುಂದಿನ ಮದ್ದು ತುಂಬುವವನ ಕೈಯಲ್ಲೇ ಸಿಡಿಯುವ ಅಪಾಯ. ರೇಷ್ಮೆ ಚೀಲ ಪೂರ್ತಿ ಉರಿದುಹೋಗುತ್ತದೆ. ಈ ಚೀಲಕ್ಕೆ ಬೇಕಾದದ್ದು ತ್ಯಾಜ್ಯದಿಂದ ನೂತ ಸ್ಪನ್ ರೇಷ್ಮೆ, ಅಂದರೆ ಚನ್ನಪಟ್ಟಣದ ಗಿರಣಿ ಮಾಡುವ ಜಾತಿಯ ಸರಕು.

ಪ್ಯಾರಾಶೂಟ್ ವಿಷಯದಲ್ಲಿ ಒಂದು ತೊಡಕಿತ್ತು. ನಮ್ಮ ಕಡೆ ನೂಲು ಬಿಚ್ಚುತ್ತಿದ್ದದ್ದು ಬಹುಪಾಲು ಚರಕದಲ್ಲಿ. ಕುದಿಯುವ ನೀರಿಗೆ ಗೂಡು ಹಾಕಿ, ಎಳೆ ಹುಡುಕಿ, ಕೈ ಅಂದಾಜಿನ ಮೇಲೆ ಗೂಡು ಸೇರಿಸುತ್ತ ಹೋಗುವುದು. ಒಂದು ಗೂಡು ಖಾಲಿಯಾಗಿ ಇನ್ನೊಂದು ಸೇರಿಸುವುದು ತಡವಾದರೆ ನೂಲು ಅಲ್ಲಿ ತೆಳ್ಳಗಾಗುತ್ತದೆ. ಒಟ್ಟಿಗೆ ಹೆಚ್ಚು ಬಿದ್ದರೆ ಅಲ್ಲಿ ದಪ್ಪ, ಮೇಲೆ ಗಂಟು ಬೇರೆ. ಕೈಮಗ್ಗದ ಸೀರೆಗೆ ಅದು ನಡೆಯುತ್ತದೆ, ಸೀರೆಗೆ ಒಂದು ಚೆಲುವೂ ಬರುತ್ತದೆ ಅನ್ನಿ. ಆದರೆ ಆಕಾಶದಿಂದ ಹಾರುವ ಸಿಪಾಯಿಯ ಜೀವ ಆ ತೆಳ್ಳಗಿನ ಜಾಗದ ಮೇಲೆ ನಿಂತಿರುತ್ತದೆ. ಅದಕ್ಕೆ ಫಿಲೇಚರ್ ನೂಲೇ ಆಗಬೇಕು. ಸಾಲು ತೊಟ್ಟಿಗಳು, ಒಂದು ಎಳೆಗೆ ಇಂತಿಷ್ಟೇ ಗೂಡು ಅನ್ನುವ ಲೆಕ್ಕ, ಮೇಲೆ ತಪಾಸಣೆ. ಯುದ್ಧದ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲೂ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕೊಳ್ಳೇಗಾಲದಲ್ಲೂ ಫಿಲೇಚರ್‌ಗಳಿಗೆ ಒತ್ತು ಸಿಕ್ಕಿದ್ದು ಹೀಗೆ. ಹತ್ತು ವರ್ಷ ಯಾರೂ ಕೇಳದ ಗೂಡಿಗೆ ಈಗ ಸರ್ಕಾರವೇ ಗಿರಾಕಿ. ಬೆಲೆ ಏರಿತು, ಕಿತ್ತ ಹೊಲಗಳಿಗೆ ಮತ್ತೆ ಹಿಪ್ಪುನೇರಳೆ ಬಂತು.

ಇದರಲ್ಲಿ ಒಂದು ತಮಾಷೆಯೂ ಇದೆ. ಜಪಾನಿನ ಮೇಲಿನ ಯುದ್ಧಕ್ಕೆ ಹೋದ ಆ ಗೂಡಿನಲ್ಲಿ ಜಪಾನಿನ ರಕ್ತವೇ ಇತ್ತು. 1890ರ ದಶಕದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಇವತ್ತಿಗೂ ಇದೆ. ಆಮೇಲೆ 1920ರ ದಶಕದಲ್ಲಿ ಮೈಸೂರು ತಳಿಗೆ ಜಪಾನಿನಿಂದ ತಂದ ತಳಿ ಬೆರೆಸಿದ ಮಿಶ್ರತಳಿ ರೈತರ ಮನೆ ಸೇರಿತ್ತು. ಹುಳುವಿಗೆ ಯಾವ ಪಕ್ಷ ಹೇಳಿ.

ಎಲ್ಲಾ ಪ್ಯಾರಾಶೂಟೂ ರೇಷ್ಮೆಯದಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಡ್ಯುಪಾಂಟ್ ಕಂಪನಿ 1938ರಲ್ಲಿ ಪ್ರಕಟಿಸಿದ ನೈಲಾನ್ ಆಗಲೇ ಪ್ಯಾರಾಶೂಟಿಗೆ ಹೊರಟಿತ್ತು. ಬರ್ಮಾ ಗಡಿಯಲ್ಲಿ ಸಾಮಾನು ಇಳಿಸಲು ಪ್ಯಾರಾಶೂಟ್ ಸಾಲದೆ ಬಂದಾಗ ಜನರಲ್ ಸ್ಲಿಮ್ ಅವರ ಪಡೆ ಕಲ್ಕತ್ತೆಯ ಗಿರಣಿಗಳಿಂದ ಸೆಣಬಿನ ಪ್ಯಾರಾಶೂಟ್ ಹೊಲಿಸಿತ್ತು. ಮನುಷ್ಯನಿಗೆ ರೇಷ್ಮೆ, ಅಕ್ಕಿ ಮೂಟೆಗೆ ಸೆಣಬು.

ರೇಷ್ಮೆಯ ಜೊತೆಗೆ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಇವತ್ತಿನ ಎಚ್‌ಎಎಲ್. ಯಂತ್ರ, ನಕ್ಷೆ, ತಂತ್ರಜ್ಞರು ಅಮೆರಿಕದ ವಿಲಿಯಂ ಪಾಲೀ ಮೂಲಕ ಬಂದರು. 1942ರಲ್ಲಿ ಭಾರತ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು, 1943ರಲ್ಲಿ ನಡೆಸುವ ಹೊಣೆ ಅಮೆರಿಕ ಸೇನೆಯ ವಾಯುಪಡೆಗೆ ಹೋಯಿತು. ಬರ್ಮಾ, ಚೀನಾ ಕಡೆ ಹಾರುವ ವಿಮಾನಗಳ ರಿಪೇರಿ ಇಲ್ಲಿ. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗ ನೊರೆ ಹಾರುವ ಕೆರೆ ಅಂತ ಸುದ್ದಿಯಾಗುವುದು ಇದೇ ಬೆಳ್ಳಂದೂರು. ಸಾಗರದ ಎರಡು ದಡದವರ ರಕ್ಷಣಾ ಸಹಕಾರ ಅಂದರೆ ಕಾಗದದ ಮೇಲಿನ ಸಹಿ ಮಾತ್ರವಲ್ಲ. ಬ್ರಿಟಿಷರ ಸಾಮ್ರಾಜ್ಯದಲ್ಲಿ, ಮಹಾರಾಜರ ನೆಲದಲ್ಲಿ, ಗುಜರಾತಿ ಮೂಲದ ಉದ್ಯಮಿ ಕಟ್ಟಿದ ಕಾರ್ಖಾನೆಯಲ್ಲಿ, ಅಮೆರಿಕದ ಅಧಿಕಾರಿಯ ಕೆಳಗೆ ನಮ್ಮ ಫಿಟ್ಟರುಗಳು ಸ್ಪ್ಯಾನರ್ ಹಿಡಿದದ್ದು ಅದರ ನಿಜರೂಪ.

ಇಷ್ಟೆಲ್ಲ ಕೊಟ್ಟದ್ದಕ್ಕೆ ನಮಗೆ ಏನು ಸಿಕ್ಕಿತು? ಅಟ್ಲಾಂಟಿಕ್ ಸನ್ನದಿನ ಮೂರನೇ ಕಲಮು ಎಲ್ಲ ಜನರಿಗೂ ತಮ್ಮ ಸರ್ಕಾರ ಆರಿಸಿಕೊಳ್ಳುವ ಹಕ್ಕಿದೆ ಅಂದಿತ್ತು. ಓದಿದವರು ಇಲ್ಲಿ ಖುಷಿಪಟ್ಟರು. ಒಂದು ತಿಂಗಳೂ ಆಗಿರಲಿಲ್ಲ, 1941ರ ಸೆಪ್ಟೆಂಬರ್ 9ರಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಅದು ನಾಜಿಗಳ ಕೆಳಗಿರುವ ಯುರೋಪಿನ ದೇಶಗಳಿಗೆ ಹೇಳಿದ್ದು, ಭಾರತದ ಮಾತು ಬೇರೆ ಅಂದುಬಿಟ್ಟರು. ರೇಷ್ಮೆ ಬೇಕು, ಸಿಪಾಯಿ ಬೇಕು, ಸ್ವರಾಜ್ಯ ಮಾತ್ರ ಆಮೇಲೆ. ಮರುವರ್ಷ ಕ್ವಿಟ್ ಇಂಡಿಯಾ ಚಳವಳಿ ಎದ್ದಿತು, ನಮ್ಮದೇ ಸಂಸ್ಥಾನದ ಈಸೂರು ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಅದೇ 1942ರಲ್ಲಿ ಬರ್ಮಾ ಜಪಾನಿನ ಪಾಲಾಗಿ ಅಲ್ಲಿನ ಅಕ್ಕಿ ನಿಂತಿತು. ಗೂಡಿನ ದುಡ್ಡು ಕೈಗೆ ಬಂದವನಿಗೂ ಅಂಗಡಿಯಲ್ಲಿ ಧಾನ್ಯ ಕಷ್ಟ. ಯುದ್ಧದ ಲಾಭ ಅಂತ ಬರೆಯುವಾಗ ಈ ಸಾಲನ್ನೂ ಅದರ ಪಕ್ಕದಲ್ಲಿ ಬರೆಯಬೇಕು ಅನ್ನುವುದು ನಮ್ಮ ಅಭಿಪ್ರಾಯ.

1945ರಲ್ಲಿ ಯುದ್ಧ ಮುಗಿಯಿತು. ಸೇನೆಯ ಖರೀದಿ ನಿಂತಿತು, ಪ್ಯಾರಾಶೂಟನ್ನು ನೈಲಾನ್ ಹಿಡಿಯಿತು, ಹೊರಗಿನ ನೂಲು ಮತ್ತೆ ಹಡಗು ಹತ್ತಿತು. ಯುದ್ಧದ ಬೆಲೆ ನಂಬಿ ಹಿಪ್ಪುನೇರಳೆ ನೆಟ್ಟವರು ಮತ್ತೆ ಮೊದಲಿನ ಚಿಂತೆಗೆ ಬಿದ್ದರು. ದೆಹಲಿ ಸರ್ಕಾರ 1948ರಲ್ಲಿ ಕಾಯ್ದೆ ತಂದು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಟ್ಟಿತು. ಅದೇ 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ದೇಶಗಳು ನ್ಯಾಟೋ ಒಪ್ಪಂದಕ್ಕೆ ಸಹಿ ಹಾಕಿದವು. ಆ ಸಲ ಎದುರಾಳಿ ರಷ್ಯಾ. ಯುದ್ಧದಲ್ಲಿ ಒಟ್ಟಿಗೆ ಇದ್ದವರು ನಾಲ್ಕೇ ವರ್ಷದಲ್ಲಿ ಎದುರುಬದುರು. ನಮ್ಮ ದೇಶ ಎರಡೂ ಗುಂಪು ಬೇಡ ಅಂತ ದೂರ ನಿಂತಿತು.

ದೂರ ನಿಂತರೂ ಬಿಸಿ ತಟ್ಟುತ್ತದೆ. ಅದಕ್ಕೆ ಬೆಂಗಳೂರಿನ ಮಾರುತ್ ಯುದ್ಧವಿಮಾನವೇ ಸಾಕ್ಷಿ. ಹಿಟ್ಲರನ ಕಾಲದಲ್ಲಿ ಬ್ರಿಟಿಷರ ವಿರುದ್ಧ ಹಾರಿದ ವಿಮಾನಗಳ ವಿನ್ಯಾಸಕಾರ ಕರ್ಟ್ ಟ್ಯಾಂಕ್ 1956ರಲ್ಲಿ ಎಚ್‌ಎಎಲ್‌ಗೆ ಬಂದರು. ಅವರ ತಂಡ ಮಾಡಿದ ಮಾರುತ್ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿತು. ಅದಕ್ಕೆ ಲೆಕ್ಕ ಹಾಕಿದ್ದ ಎಂಜಿನ್ ಬ್ರಿಟನ್ನಿನ ಆರ್ಫಿಯಸ್‌ನ ಬಲಿಷ್ಠ ಮಾದರಿ. ನ್ಯಾಟೋಗೆ ಹಗುರ ಯುದ್ಧವಿಮಾನ ಬೇಕು ಅಂತ ಆರ್ಫಿಯಸ್ ಬೆಳೆದಿತ್ತು, ಅಮೆರಿಕ ಅದಕ್ಕೆ ಹಣ ಕೊಟ್ಟಿತ್ತು. ಆಮೇಲೆ ನ್ಯಾಟೋಗೆ ಆ ಬಲಿಷ್ಠ ಮಾದರಿ ಬೇಡವಾಯಿತು. ಉಳಿದ ಖರ್ಚು ಭಾರತ ಕೊಟ್ಟರೆ ಮಾತ್ರ ಮುಂದುವರಿಸುತ್ತೇವೆ ಅಂದರು, ದೆಹಲಿ ಒಪ್ಪಲಿಲ್ಲ. ಕೊನೆಗೆ ಚಿಕ್ಕ ಎಂಜಿನ್ ಎರಡು ಹಾಕಿಕೊಂಡೇ ಮಾರುತ್ ಸೇವೆಗೆ ಹೋಯಿತು. ಶಬ್ದದ ವೇಗವನ್ನು ಎರಡರಷ್ಟು ಮೀರಬೇಕೆಂದು ಕನಸು ಕಂಡ ವಿಮಾನ ಆ ವೇಗ ಮುಟ್ಟಲೇ ಇಲ್ಲ. 147 ಮಾಡಿ ನಿಲ್ಲಿಸಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ವಿಮಾನ ಕಟ್ಟುವ ಕೈ ನಮ್ಮಲ್ಲಿತ್ತು, ಎಂಜಿನ್ನಿನ ತೀರ್ಮಾನ ಮಾತ್ರ ಬೇರೆಯವರ ಮೇಜಿನ ಮೇಲಿತ್ತು.

ಈಗ ನ್ಯಾಟೋದಲ್ಲಿ 32 ದೇಶಗಳಿವೆ. ಉಕ್ರೇನ್ ಮೇಲೆ ರಷ್ಯಾ ನುಗ್ಗಿದ ಮೇಲೆ 2023ರಲ್ಲಿ ಫಿನ್‌ಲ್ಯಾಂಡ್, 2024ರಲ್ಲಿ ಸ್ವೀಡನ್ ಸೇರಿದವು. ಅದೇ ಜಗಳದ ಇನ್ನೊಂದು ತುದಿ ನಮಗೂ ತಾಗಿತು: ರಷ್ಯಾದ ತೈಲ ಕೊಳ್ಳುತ್ತೀರಿ ಅಂತ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಇನ್ನೂ 25 ಶೇಕಡಾ ಸುಂಕ ಏರಿಸಿತು.

ಆದರೆ ರೇಷ್ಮೆಯವರಿಗೆ ಅದಕ್ಕಿಂತ ಹತ್ತಿರದ ನೆನಪು 2011ರ ಬಜೆಟ್. ಅವತ್ತು ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30 ಶೇಕಡಾದಿಂದ 5ಕ್ಕೆ ಇಳಿಸಿತು. ಚೀನಾ ನೂಲು ನುಗ್ಗಿತು, ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ರೈತರು ರಸ್ತೆಗೆ ಇಳಿದರು. 2013ರಲ್ಲಿ ಸುಂಕ 15ಕ್ಕೆ ಏರಿತು, 30ಕ್ಕೆ ಅಲ್ಲ. ಈ ನಡುವೆ 1991ರಿಂದ ಜಪಾನ್ ಸರ್ಕಾರದ ಜೈಕಾ ನೆರವಿನಲ್ಲಿ ಮೈಸೂರಿನ ಸಂಶೋಧನಾ ಸಂಸ್ಥೆ ದ್ವಿತಳಿ ಹುಳುಗಳನ್ನು ಬೆಳೆಸಿ ರೈತರಿಗೆ ಕೊಟ್ಟಿತು. ಇವತ್ತು ಮಾರುಕಟ್ಟೆಗೆ ಬರುವ ಬಿಳಿ ಗೂಡಿನ ಹಿಂದೆ ಆ ಕೆಲಸವಿದೆ. ಆ ಗೂಡಿನಿಂದ ಒಳ್ಳೆಯ ದರ್ಜೆಯ ನೂಲು ತೆಗೆಯಲು ರೀಲರುಗಳು ಹಾಕಿಸಿಕೊಂಡ ಸ್ವಯಂಚಾಲಿತ ಯಂತ್ರಗಳಲ್ಲಿ ಚೀನಾದವೂ ಇವೆ. 1942ರಲ್ಲಿ ಸೇನೆ ನಮ್ಮಿಂದ ಕೇಳಿದ್ದ ಗಂಟಿಲ್ಲದ ಸಮನಾದ ಎಳೆಯನ್ನು ಆ ಯಂತ್ರ ಈಗ ದಿನವಿಡೀ ತೆಗೆಯುತ್ತದೆ.