ಸೂರ್ಯನ ಬೆಳಕಿನಲ್ಲಿ ಕಪ್ಪು ಗೆರೆಗಳು

ನಿಮ್ಮೆದುರಿನ ಬಣ್ಣದ ಪಟ್ಟಿ ಸೂರ್ಯನ ರೋಹಿತ. ಹಳದಿ ಭಾಗದಲ್ಲಿ ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಕಪ್ಪು ಗೆರೆಗಳನ್ನು ಹುಡುಕಿ. ಅವು ಸೋಡಿಯಂನವು. ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ನೀಲಿ ಉರಿ ಹಳದಿಯಾಗುತ್ತದಲ್ಲ, ಅದು ಉಪ್ಪಿನಲ್ಲಿರುವ ಸೋಡಿಯಂನದೇ ಬಣ್ಣ. ಸೂರ್ಯನ ಹೊರಪದರದಲ್ಲಿರುವ ಸೋಡಿಯಂ, ಒಳಗಿನಿಂದ ಬರುವ ಬೆಳಕಿನಲ್ಲಿ ಆ ಬಣ್ಣವನ್ನಷ್ಟೇ ಹೀರಿಕೊಳ್ಳುತ್ತದೆ. ಹೀರಿದ ಜಾಗ ಕಪ್ಪಾಗಿ ಕಾಣುತ್ತದೆ.

1814ರಲ್ಲಿ ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ ಇಂಥ 500ಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದರು. ಅವರ ಗುರಿ ಒಳ್ಳೆಯ ಮಸೂರ ತಯಾರಿಸುವುದು, ಅಷ್ಟೇ! ಗೆರೆಗಳ ಅರ್ಥ ಬಿಡಿಸಿದವರು 1859ರ ಸುಮಾರಿಗೆ ವಿಜ್ಞಾನಿಗಳಾದ ಕಿರ್ಕಾಫ್ ಮತ್ತು ಬುನ್ಸೆನ್.

ಗೆರೆ ದಟ್ಟವಾಗಿದ್ದ ಮಾತ್ರಕ್ಕೆ ಅದನ್ನು ಮೂಡಿಸಿದ ಧಾತು ಹೆಚ್ಚಿದೆ ಎಂದಲ್ಲ. ಗೆರೆಯ ದಟ್ಟಣೆಯಲ್ಲಿ ಉಷ್ಣತೆಯ ಪಾತ್ರ ದೊಡ್ಡದು ಎಂಬುದನ್ನು ನಮ್ಮ ಮೇಘನಾದ ಸಹಾ ಅವರ 1920ರ ಸಮೀಕರಣ ತಿಳಿಸಿಕೊಟ್ಟಿತು. ಅದನ್ನೇ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಲೆಕ್ಕ ಹಾಕಿದಾಗ, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕ ಎಂದು ಬಂತು. ಆಗ ನಂಬಿದ್ದು ಬೇರೆ: ಸೂರ್ಯನಲ್ಲೂ ಧಾತುಗಳು ಹೆಚ್ಚುಕಡಿಮೆ ಭೂಮಿಯಲ್ಲಿರುವ ಪ್ರಮಾಣದಲ್ಲೇ ಇವೆ ಎಂದು. ಹಿರಿಯ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಹೀಗಾಗಿ ತನ್ನ ಫಲಿತಾಂಶ ನಿಜವಿರಲಾರದು ಎಂದು ಪೇನ್ ಸ್ವತಃ ಪ್ರಬಂಧದಲ್ಲಿ ಬರೆದರು. ನಾಲ್ಕು ವರ್ಷದ ಬಳಿಕ ರಸೆಲ್ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದರು. ಪೇನ್ ಹೆಸರನ್ನು ಅವರು ಉಲ್ಲೇಖಿಸಿದರೂ ಕೀರ್ತಿ ಬಹುಕಾಲ ರಸೆಲ್ ಪಾಲಿಗೇ ಹೋಯಿತು.

ತೂಕದ ಲೆಕ್ಕದಲ್ಲಿ ಸೂರ್ಯನ ಹೊರಪದರದ ಸುಮಾರು ಮುಕ್ಕಾಲು ಪಾಲು ಜಲಜನಕ; ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ. ಈ ಪಟ್ಟಿಯ ತುಂಬ ಗೆರೆ ಎಳೆದಿರುವ ಕಬ್ಬಿಣ, ಸೋಡಿಯಂ ಮುಂತಾದವೆಲ್ಲ ಸೇರಿದರೂ ಶೇ 2ನ್ನು ಮುಟ್ಟುವುದಿಲ್ಲ.