ಯಾರ ಗಂಟು, ಯಾರ ಕೈ: ಅಮೆರಿಕದ ರೆಸ್ಟೋರೆಂಟ್ ಫ್ರಾಂಚೈಸಿಗಳ ಜಾಹೀರಾತು ನಿಧಿ

ಅಮೆರಿಕದಲ್ಲಿ ಹೆಸರಾಂತ ಕಂಪನಿಯ ಹೆಸರು ಮತ್ತು ಅಡುಗೆಯ ಕ್ರಮವನ್ನು ಕರಾರಿನ ಮೇಲೆ ಪಡೆದು, ಸ್ವಂತ ಬಂಡವಾಳದಲ್ಲಿ ರೆಸ್ಟೋರೆಂಟ್ ನಡೆಸುವ ಫ್ರಾಂಚೈಸಿದಾರನು ಸಾಮಾನ್ಯವಾಗಿ ಎರಡು ಬಗೆಯ ಹಣ ಕಟ್ಟುತ್ತಾನೆ. ಹೆಸರಿನ ಬಳಕೆಗೆ ತೆರುವ ರಾಯಲ್ಟಿ ಕಂಪನಿಯ ಆದಾಯವಾದರೆ, ಜಾಹೀರಾತು ವಂತಿಗೆಯು ಎಲ್ಲ ಅಂಗಡಿಗಳ ಪರವಾಗಿ ಖರ್ಚಾಗಬೇಕಾದ ಹಣ. ವಂತಿಗೆಯನ್ನು ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ ಲೆಕ್ಕ ಹಾಕುವುದರಿಂದ, ವರ್ಷಕ್ಕೆ 10 ಲಕ್ಷ ಡಾಲರ್ ವಹಿವಾಟಿನ ಅಂಗಡಿಯು ನಷ್ಟದಲ್ಲಿದ್ದರೂ ಶೇ. 4ರ ದರದಲ್ಲಿ 40,000 ಡಾಲರ್ ಕಟ್ಟಲೇಬೇಕಾಗುತ್ತದೆ. ಹೀಗೆ ಕೂಡಿದ ಗಂಟಿನ ಒಡೆಯರು ಯಾರೆಂಬ ಪ್ರಶ್ನೆ ಮಾತ್ರ ಇಂದಿಗೂ ಒಂದೇ ಉತ್ತರಕ್ಕೆ ದಕ್ಕಿಲ್ಲ.

ಈ ಪ್ರಶ್ನೆಯ ಮೊದಲ ಮುಖ್ಯ ತೀರ್ಪು ಊಟದ ವ್ಯಾಪಾರದ್ದಲ್ಲ, ತಂಪು ಪಾನೀಯದ್ದು. ಬಾಟ್ಲಿಂಗ್ ಘಟಕಗಳು ರಾಷ್ಟ್ರಮಟ್ಟದ ಜಾಹೀರಾತಿಗೆಂದು ಕೊಟ್ಟ ಹಣ ಸೆವೆನ್ ಅಪ್ ಕಂಪನಿಯ ಆದಾಯವಲ್ಲ, ಅದು ಹಣವನ್ನು ದಾಟಿಸುವ ಕೈಯಷ್ಟೇ ಎಂದು 1950ರಲ್ಲಿ ತೆರಿಗೆ ನ್ಯಾಯಾಲಯ ಹೇಳಿತು. 1967ರಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿದಾರರು ವ್ಯಾಪಾರದ ಶೇ. 1ರಷ್ಟನ್ನು ಕೂಡಿಸಿ 'ಆಪ್ನ್ಯಾಡ್' ಎಂಬ ರಾಷ್ಟ್ರೀಯ ನಿಧಿ ಕಟ್ಟಿದಾಗ ಖರ್ಚಿನ ನಿರ್ಧಾರಕ್ಕೆ ಅವರದೇ ಮತ ಬೇಕಿತ್ತು. ಟೆಲಿವಿಷನ್ನಿನ ದುಬಾರಿ ಸಮಯವನ್ನು ಒಂಟಿ ಅಂಗಡಿ ಕೊಳ್ಳಲಾರದೆಂಬುದೇ ಈ ಒಗ್ಗಟ್ಟಿನ ಕಾರಣ.

ಎಲ್ಲ ನಿಧಿಗಳಿಗೂ ಇಂಥ ಮತದ ಹಕ್ಕು ಒದಗಲಿಲ್ಲ. ಕಾರಿನ ಸೈಲೆನ್ಸರ್ ಬದಲಿಸುವ ಮೈನೆಕಿ ಕಂಪನಿಯ ಅಂಗಡಿದಾರರು, ತಮ್ಮ ವಂತಿಗೆಯಿಂದ ಕಂಪನಿಯ ಒಳಗಿನ ಜಾಹೀರಾತು ಏಜೆನ್ಸಿಗೇ ಕಮಿಷನ್ ಸಂದಿದೆಯೆಂದು ದಾವೆ ಹೂಡಿ 39 ಕೋಟಿ ಡಾಲರ್ ಪರಿಹಾರದ ತೀರ್ಪು ಪಡೆದಿದ್ದರು. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಗೊಳಿಸುತ್ತ, ಎರಡೂ ಕಡೆಯವರು ಕರಾರಿಗೆ ಬದ್ಧರಾದ ವ್ಯಾಪಾರಿಗಳೇ ಹೊರತು ಕಂಪನಿ ನಿಧಿಯ ಧರ್ಮದರ್ಶಿಯಲ್ಲ ಎಂಬ ನಿಲುವು ತಳೆಯಿತು. ತೆರಿಗೆಯವರ ಮುಂದೆ ಪರರ ಹಣವೆನಿಸಿಕೊಳ್ಳುವ ಬಗೆಯ ಗಂಟು, ಕಟ್ಟಿದವರು ಲೆಕ್ಕ ಕೇಳಿದಾಗ ಹಾಗೆನಿಸದಿರುವುದು ವಿಚಿತ್ರವೇ. 2011ರ ಕೆಎಫ್‌ಸಿ ವ್ಯಾಜ್ಯದಲ್ಲಿ ಅಂಗಡಿದಾರರು ಗೆದ್ದರು. ಆದರೆ ಆ ಗೆಲುವು ಬಂದದ್ದು ಅವರ ಬಹುಮತವಿದ್ದ ಜಾಹೀರಾತು ಸಹಕಾರ ಸಂಸ್ಥೆಯ ಸ್ಥಾಪನಾ ದಾಖಲೆಯ ಬಲದಿಂದ.

1979ರಲ್ಲಿ ಜಾರಿಗೆ ಬಂದು 2007ರಲ್ಲಿ ತಿದ್ದುಪಡಿಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ಫ್ರಾಂಚೈಸಿ ನಿಯಮವು, ಕರಾರಿಗೆ ಮುನ್ನ ಕೊಡುವ ಪ್ರಕಟಣಾ ಪತ್ರದ 11ನೆಯ ಅಂಶದಲ್ಲಿ ಹಿಂದಿನ ವರ್ಷದ ನಿಧಿಯಲ್ಲಿ ಜಾಹೀರಾತಿನ ತಯಾರಿ, ಪ್ರಸಾರ ಮತ್ತು ಆಡಳಿತಕ್ಕೆ ಶೇಕಡಾ ಎಷ್ಟೆಷ್ಟು ಹೋಯಿತು, ಲೆಕ್ಕಪರಿಶೋಧನೆ ನಡೆಯುತ್ತದೆಯೇ, ಕಂಪನಿಯ ಸ್ವಂತ ಅಂಗಡಿಗಳೂ ಅದೇ ದರದಲ್ಲಿ ಕಟ್ಟುತ್ತವೆಯೇ ಎಂಬುದನ್ನು ತಿಳಿಸಬೇಕೆನ್ನುತ್ತದೆ. ಖರ್ಚನ್ನು ಬಚ್ಚಿಡಬಾರದೆನ್ನುವ ಈ ನಿಯಮ, ಹೀಗೇ ಖರ್ಚು ಮಾಡಬೇಕೆಂದು ವಿಧಿಸುವುದಿಲ್ಲ.

2018ರಲ್ಲಿ ಅನ್ವಯಕ್ಕೆ ಬಂದ ಹೊಸ ಲೆಕ್ಕಪತ್ರ ಮಾನದಂಡದ ಪ್ರಕಾರ ಡಾಮಿನೋಸ್, ವೆಂಡೀಸ್ ಮುಂತಾದ ಕಂಪನಿಗಳು ತಮ್ಮ ಹತೋಟಿಯಲ್ಲಿರುವ ನಿಧಿಗಳಿಗೆ ಬಂದ ವಂತಿಗೆಯನ್ನು ವರಮಾನವೆಂದೂ ಜಾಹೀರಾತಿನ ವೆಚ್ಚವನ್ನು ಖರ್ಚೆಂದೂ ತೋರಿಸತೊಡಗಿದವು. ಇದರಿಂದ ಲಾಭದ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಉಳಿದರೂ, ಒಂದು ಕಾಲಕ್ಕೆ ಬರಿಯ ದಾಟಿಸುವ ಕೈಯೆನಿಸಿದ್ದ ಕಂಪನಿಯ ಒಟ್ಟು ವರಮಾನ ಮಾತ್ರ ಕಾಗದದ ಮೇಲೆ ಉಬ್ಬಿ ಕಂಡಿತು.