ಸೆರೆಮನೆಯ ಹೊರಗೆ ಉಳಿದವರು

ಸೆರೆಮನೆಯನ್ನು ನಮ್ಮ ಜನ ‘ಶ್ರೀಕೃಷ್ಣ ಜನ್ಮಸ್ಥಾನ’ ಎಂದು ಹಾಸ್ಯಕ್ಕೆ ಕರೆಯುವುದುಂಟು. ‘ಮಾವನ ಮನೆ’ ಎನ್ನುವುದೂ ಉಂಟು. ನಗೆಮಾತುಗಳೇ ಆದರೂ ಇವೆರಡರಲ್ಲಿಯೂ ಒಂದು ಕುಟುಂಬದ ನೆರಳು ಇದೆ. ಸೆರೆಮನೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವವನು ಸೆರೆಯಾಳು ಒಬ್ಬನೇ. ಭಾಷೆ ಮಾತ್ರ ಅಲ್ಲಿ ಹುಟ್ಟಿದ ಮಗುವನ್ನೂ, ಅವನನ್ನು ಕಾಯುತ್ತಿರುವ ಮನೆಯನ್ನೂ ಮರೆತಿಲ್ಲ. ಚರಿತ್ರೆ ಅವರನ್ನು ಎಷ್ಟರಮಟ್ಟಿಗೆ ನೆನೆದಿದೆ ಎಂಬುದೇ ಈ ಭಾಷಣದ ವಿಷಯ. ಇದಕ್ಕಾಗಿ ನಾನು ದೂರ ಹೋಗುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳ ಸುತ್ತಮುತ್ತಲೇ ನಿಲ್ಲುತ್ತೇನೆ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ಇತ್ತೀಚೆಗೆ ತಾಲ್ಲೂಕಾಯಿತು.

ಮೊದಲು ಚನ್ನಗಿರಿ. ಈ ಹೆಸರಿನ ಮೂಲವನ್ನು ಜನ ಕೆಳದಿಯ ರಾಣಿ ಚೆನ್ನಮ್ಮಾಜಿಗೆ ಒಯ್ದು ಮುಟ್ಟಿಸುತ್ತಾರೆ. ಆಕೆ ಆಳಿದ್ದು 1672ರಿಂದ 1697ರವರೆಗೆ. 1689ರಲ್ಲಿ ಛತ್ರಪತಿ ಸಂಭಾಜಿ ಔರಂಗಜೇಬನ ಕೈಗೆ ಸೆರೆಸಿಕ್ಕು ಕೊಲ್ಲಲ್ಪಟ್ಟನು. ಅದೇ ವರ್ಷ ರಾಯಗಡ ಬಿದ್ದಾಗ ಅವನ ಪತ್ನಿ ಯೇಸೂಬಾಯಿ ಮತ್ತು ಏಳು ವರ್ಷದ ಮಗ ಶಾಹು ಮೊಗಲರ ಬಂಧನಕ್ಕೆ ಒಳಗಾದರು. ಸಂಭಾಜಿಯ ತಮ್ಮ ರಾಜಾರಾಮನು ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿಬಂದನು. ಬೆನ್ನಟ್ಟಿ ಬರುವವನು ಎಂಥವನೆಂದು ತಿಳಿದೂ ಚೆನ್ನಮ್ಮಾಜಿ ಅವನಿಗೆ ಆಶ್ರಯ ಕೊಟ್ಟಳು, ಜಿಂಜಿಯ ಕಡೆಗೆ ದಾರಿ ಮಾಡಿಕೊಟ್ಟಳು, ಅದಕ್ಕಾಗಿ ಮೊಗಲ್ ಸೇನೆಯನ್ನೂ ಎದುರಿಸಿದಳು. ನಮ್ಮ ಪಠ್ಯಪುಸ್ತಕಗಳು ಇದನ್ನು ಶರಣಾಗತ ರಕ್ಷಣೆಯ ಕಥೆಯಾಗಿ ಹೇಳುತ್ತವೆ. ಅದು ಸರಿಯೇ. ಆದರೆ ಅದೇ ಕಥೆಯ ಇನ್ನೊಂದು ಕೊನೆಯಲ್ಲಿ ಬಾಲಕ ಶಾಹು ಕುಳಿತಿದ್ದಾನೆ. ಅವನಿಗೆ ಬಿಡುಗಡೆಯಾದದ್ದು 1707ರಲ್ಲಿ, ಔರಂಗಜೇಬನು ತೀರಿಕೊಂಡ ಮೇಲೆ. ಏಳು ವರ್ಷದ ಮಗು ಯುವಕನಾಗಿ ಹೊರಬಂದನು. ತಾಯಿ ಮಾತ್ರ 1719ರವರೆಗೂ ಬಂಧನದಲ್ಲಿಯೇ ಉಳಿದಳು. ಈ ತಾಯಿಮಕ್ಕಳ ಮೇಲೆ ಯಾರೂ ಯಾವ ಅಪರಾಧವನ್ನೂ ಹೊರಿಸಿರಲಿಲ್ಲ.

ಚೆನ್ನಮ್ಮಾಜಿಯ ವಂಶಕ್ಕೂ ಇದೇ ಗತಿ ಕಾದಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. 1767ರಲ್ಲಿ ಮರಾಠರು ಅವರನ್ನು ಬಿಡಿಸಿದರು. ಆದರೆ ಪುಣೆಯ ಹಾದಿಯಲ್ಲಿಯೇ ವೀರಮ್ಮಾಜಿ ಕೊನೆಯುಸಿರೆಳೆದಳು.

ಇನ್ನು ಜಗಳೂರಿನ ಸೀಮೆ. ಇದು ಚಿತ್ರದುರ್ಗದ ಪಾಳೆಯಗಾರರು ಆಳಿದ ನೆಲ. 1779ರಲ್ಲಿ ದುರ್ಗ ಬಿದ್ದಿತು. ಮದಕರಿನಾಯಕನನ್ನು ಕುಟುಂಬಸಹಿತವಾಗಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಇದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಯಾರೂ ಮಾತನಾಡದ ಸಂಗತಿ ಇನ್ನೊಂದಿದೆ. ನಾಯಕನಿಗೆ ನಿಷ್ಠರಾಗಿದ್ದ ಬೇಡ ಜನಾಂಗದ ಸುಮಾರು 20,000 ಮಂದಿಯನ್ನು ಈ ಸೀಮೆಯಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದು ಮೈಸೂರಿನ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಅವರಲ್ಲಿ ತಕ್ಕ ವಯಸ್ಸಿನ ಗಂಡುಹುಡುಗರನ್ನು ಆಯ್ದು ‘ಚೇಲ’ ಎಂಬ ಹೆಸರಿನ ಪಡೆಗಳನ್ನು ಕಟ್ಟಿದರು. ಗೆದ್ದವನ ಲೆಕ್ಕಾಚಾರ ಸ್ಪಷ್ಟವಾಗಿದೆ. ಸೋತವನ ಮಗನನ್ನು ಕೊಲ್ಲಬೇಕಾಗಿಲ್ಲ, ಅವನ ಮನೆಯ ನೆನಪನ್ನು ಅಳಿಸಿದರೆ ಸಾಕು. ಆ ಹುಡುಗರಲ್ಲಿ ಒಬ್ಬನ ಮಾತೂ ನಮ್ಮವರೆಗೆ ಉಳಿದುಬಂದಿಲ್ಲ. ದುರ್ಗದ ಶೌರ್ಯವನ್ನು ಹಾಡುವ ನಾವು ಅವರಿಗಾಗಿ ಒಂದು ಗಳಿಗೆ ನಿಲ್ಲುವುದು ಅನುಚಿತವಾಗಲಾರದು.

ಹೊನ್ನಾಳಿಯ ಅಧ್ಯಾಯ 1830–31ರದು. ಕಂದಾಯದ ಭಾರ, ಅಧಿಕಾರಿಗಳ ಕಿರುಕುಳ ಇವುಗಳಿಂದ ಬೇಸತ್ತ ನಗರ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ತುಂಗಭದ್ರೆಯ ದಡದ ಹೊನ್ನಾಳಿಯ ಕೋಟೆ ದಂಗೆಕೋರರ ಕೈಗೆ ಬಂದಿತು. 1831ರಲ್ಲಿ ಸೈನ್ಯ ಅದನ್ನು ಮತ್ತೆ ಹಿಡಿಯಿತು. ಸೆರೆಸಿಕ್ಕ ಅನೇಕರನ್ನು ಗಲ್ಲಿಗೇರಿಸಿದರು. ಅದೇ ವರ್ಷ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಲು ಒಂದು ಸಮಿತಿಯೂ ನೇಮಕವಾಯಿತು. ಅರಸನ ದುಂದು, ಫೌಜುದಾರನ ಅನ್ಯಾಯ, ಕಂದಾಯದ ಬಾಕಿ ಇವೆಲ್ಲ ಆ ವಿಚಾರಣೆಗೆ ವಿಷಯಗಳಾದವು. ಆದರೆ ಗಲ್ಲಿಗೇರಿದ ರೈತನ ಹೊಲವನ್ನು ಮುಂದಿನ ಮುಂಗಾರಿನಲ್ಲಿ ಉತ್ತವರು ಯಾರು, ಅವನ ಮಕ್ಕಳು ಯಾರ ಮನೆಯ ಜೀತಕ್ಕೆ ಸೇರಿದರು ಎಂದು ಕೇಳುವುದು ಅಂದಿನ ಸರ್ಕಾರದ ಕೆಲಸವಾಗಿರಲಿಲ್ಲ.

ನ್ಯಾಮತಿಯಿಂದ ಪಶ್ಚಿಮಕ್ಕೆ, ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಈಸೂರು ಇದೆ. 1942ರ ಸೆಪ್ಟೆಂಬರಿನಲ್ಲಿ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿ ವೀರಭದ್ರೇಶ್ವರ ದೇವಾಲಯದ ಮೇಲೆ ಬಾವುಟ ಏರಿಸಿತು. ಹಳ್ಳಿಗರು ಹುಡುಗರನ್ನೇ ತಮ್ಮ ಅಮಲ್ದಾರ, ತಮ್ಮ ಸಬ್‌ಇನ್ಸ್‌ಪೆಕ್ಟರ್ ಎಂದು ಆರಿಸಿದರು. ಹುಡುಗರನ್ನು ಸರ್ಕಾರ ಸೆರೆಗೆ ಹಾಕಲಾರದು ಎಂಬ ಎಣಿಕೆ ಅದರ ಹಿಂದಿತ್ತೆಂದು ಹೇಳುವುದುಂಟು. ಮುಂದೆ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಹತರಾದರು. ಅವರಿಗೂ ಮನೆಗಳಿದ್ದವೆಂಬುದನ್ನು ನಾವು ಮರೆಯಬಾರದು. ಬಳಿಕ ಪೋಲೀಸರೂ ಸೈನಿಕರೂ ಊರಿಗೆ ನುಗ್ಗಿದರು. ಮನೆಗಳು ಲೂಟಿಯಾದವು, ಬೆಂಕಿಗೆ ಆಹುತಿಯಾದವು. ಜನ ಮಕ್ಕಳನ್ನು ಕಟ್ಟಿಕೊಂಡು ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಗೌಡ ಶಂಕರಪ್ಪ ಈ ಐವರಿಗೆ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಾಯಿತು. ಜೀವಾವಧಿ ಶಿಕ್ಷೆ ಪಡೆದವರಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರೂ ಇದ್ದರು.

ಈಸೂರಿನ ಹುತಾತ್ಮರಿಗೆ ನಾಡು ಸ್ಮಾರಕ ಕಟ್ಟಿದೆ. ನಾನು ಕೇಳುವ ಪ್ರಶ್ನೆ ಬೇರೆ. ಮನೆಯ ಯಜಮಾನ ನೇಣಿಗೆ ಹೋದ ಮೇಲೆ, ಮನೆಯೊಡತಿ ಸೆರೆಗೆ ಹೋದ ಮೇಲೆ, ಸುಟ್ಟ ಮನೆಯ ಬಾಗಿಲಲ್ಲಿ ನಿಂತವರಿಗೆ ಅಂದಿನ ಕಾನೂನು ಏನು ಹೇಳುತ್ತಿತ್ತು? ಏನನ್ನೂ ಹೇಳುತ್ತಿರಲಿಲ್ಲ. ಹಳೆಯ ಅರಸರು ಕುಟುಂಬವನ್ನೇ ಸೆರೆಯೊಯ್ಯುತ್ತಿದ್ದರು. ಹೊಸ ನ್ಯಾಯ ಬಂದಿತು. ತಪ್ಪು ಮಾಡಿದವನಿಗೆ ಮಾತ್ರ ಶಿಕ್ಷೆ ಎಂದಿತು. ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ಆ ನ್ಯಾಯ ಉಳಿದವರನ್ನು ಸೆರೆಯಿಂದ ಬಿಟ್ಟಂತೆ ತನ್ನ ನೋಟದಿಂದಲೂ ಬಿಟ್ಟಿತು. ತೀರ್ಪಿನಲ್ಲಿ ಅವರ ಹೆಸರಿಲ್ಲ. ಶಿಕ್ಷೆಯಲ್ಲಿ ಅವರ ಪಾಲು ಇದೆ.

ಈ ಮೌನ ಮುರಿಯಲು ಬಹುಕಾಲ ಹಿಡಿಯಿತು. 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ತಂದೆತಾಯಿಗಳ ಸ್ಥಾನಮಾನಕ್ಕಾಗಿ, ಅವರ ನಡತೆಗಾಗಿ ಮಗುವನ್ನು ಶಿಕ್ಷಿಸಬಾರದು ಎಂದು ಅದರ ಎರಡನೆಯ ವಿಧಿ ಹೇಳುತ್ತದೆ. ಸೆರೆಯಲ್ಲಿರುವ ತಂದೆತಾಯಿ ಎಲ್ಲಿದ್ದಾರೆಂದು ತಿಳಿಯುವ, ಅವರೊಡನೆ ಸಂಪರ್ಕವಿಟ್ಟುಕೊಳ್ಳುವ ಹಕ್ಕನ್ನು ಒಂಬತ್ತನೆಯ ವಿಧಿ ಮಗುವಿಗೆ ಕೊಡುತ್ತದೆ. ಶಾಹುವನ್ನು ನೆನೆದು ಈ ಸಾಲುಗಳನ್ನು ಓದಿದರೆ ಅವುಗಳ ತೂಕ ತಿಳಿಯುತ್ತದೆ. ಒಬ್ಬನನ್ನು ಬಂಧಿಸಿದಾಗ ಅವನ ಮನೆಯವರಿಗೆ ತಿಳಿಸಲೇಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1996ರ ಡಿ. ಕೆ. ಬಸು ಪ್ರಕರಣದಲ್ಲಿ ವಿಧಿಸಿತು. ಇಂದು ಅದು ಕಾಯಿದೆಯ ಭಾಗವೇ ಆಗಿದೆ. 2006ರ ಏಪ್ರಿಲ್‌ನಲ್ಲಿ ಆರ್. ಡಿ. ಉಪಾಧ್ಯಾಯ ಪ್ರಕರಣದ ತೀರ್ಪು ಬಂದಿತು. ತಾಯಿಯ ಜೊತೆಗಿರುವ ಮಗುವನ್ನು ಕೈದಿಯಂತೆ ಕಾಣಕೂಡದು. ಆರು ವರ್ಷದವರೆಗೆ ಅದು ತಾಯಿಯೊಡನೆ ಇರಬಹುದು. ಊಟ, ಬಟ್ಟೆ, ಔಷಧ, ಆಟ, ಪಾಠ ಅದರ ಹಕ್ಕು. ಬೇರೆಡೆಗೆ ಕಳಿಸಿದ ಮೇಲೆ ವಾರಕ್ಕೊಮ್ಮೆಯಾದರೂ ತಾಯಿಯ ಮುಖ ನೋಡುವಂತಿರಬೇಕು. ಇನ್ನೊಂದು ಸೂಕ್ಷ್ಮವಾದ ಮಾತೂ ಅದರಲ್ಲಿದೆ. ಸೆರೆಯಲ್ಲಿ ಹುಟ್ಟಿದ ಮಗುವಿನ ಜನನ ದಾಖಲೆಯಲ್ಲಿ ಸೆರೆಮನೆಯನ್ನು ಜನ್ಮಸ್ಥಳವೆಂದು ಬರೆಯಕೂಡದು, ಆ ಬಡಾವಣೆಯ ವಿಳಾಸವನ್ನಷ್ಟೇ ಬರೆಯಬೇಕು. ಶ್ರೀಕೃಷ್ಣನಿಗೆ ಭೂಷಣವಾದದ್ದು ಬಡವರ ಮಗುವಿಗೆ ಶಾಲೆಯ ಬಾಗಿಲಲ್ಲಿ ಕಳಂಕವಾಗುತ್ತದೆಂದು ನ್ಯಾಯಮೂರ್ತಿಗಳು ಬಲ್ಲವರಾಗಿದ್ದರು.

2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರೆಂದು ಸರ್ಕಾರದ ವರದಿ ಲೆಕ್ಕ ಕೊಡುತ್ತದೆ. ಹೊರಗೆ ಉಳಿದ ಮಕ್ಕಳ ಲೆಕ್ಕ ಅದರಲ್ಲಿಲ್ಲ. ಅವರ ಸಂಖ್ಯೆಯೇ ಬಹಳ ದೊಡ್ಡದಿರಬೇಕು. ಏಕೆಂದರೆ ಆ ವರ್ಷ ಸೆರೆಯಲ್ಲಿದ್ದವರು 5,73,000ಕ್ಕೂ ಹೆಚ್ಚು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಿಚಾರಣೆಯನ್ನು ಕಾಯುತ್ತಿದ್ದವರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಜಗಳೂರಿನ ಬರದ ಹಳ್ಳಿಯಿಂದ ಕೂಲಿಯ ಹೆಂಗಸೊಬ್ಬಳು ಗಂಡನನ್ನು ನೋಡಲು ದೂರದ ಸೆರೆಮನೆಗೆ ಹೋಗಬೇಕಾದರೆ ಬಸ್ಸಿನ ದುಡ್ಡು ಹೊಂದಿಸಬೇಕು, ಅಂದಿನ ಕೂಲಿ ಬಿಡಬೇಕು, ಮಗುವಿಗೆ ಶಾಲೆ ತಪ್ಪಿಸಬೇಕು. ಗಂಡ ಕೊನೆಗೆ ನಿರಪರಾಧಿ ಎನ್ನಿಸಿಕೊಂಡರೂ ಆ ದಿನಗಳು ಹಿಂತಿರುಗುವುದಿಲ್ಲ.

ಕೊಲೆಯಾದವನ ಮನೆಯವರಿಗಿಲ್ಲದ ಮರುಕ ಕೊಂದವನ ಮನೆಯವರಿಗೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಹಗುರವಾದುದಲ್ಲ. ನೊಂದವರ ಹಕ್ಕು ಮೊದಲಿನದು, ಅದಕ್ಕೆ ಲೋಪ ಬರಕೂಡದು. ಆದರೆ ಒಂದು ಮನೆಯ ಮಗುವನ್ನು ಹಸಿವಿಗೆ ಬಿಟ್ಟ ಮಾತ್ರಕ್ಕೆ ಇನ್ನೊಂದು ಮನೆಯ ದುಃಖ ಕಡಿಮೆಯಾಗುವುದಿಲ್ಲ. ಈಸೂರಿನ ಎರಡೂ ಕಡೆಯ ಮನೆಗಳನ್ನು ಒಟ್ಟಿಗೆ ನೆನೆದರೆ ಇದು ಅರ್ಥವಾಗುತ್ತದೆ.

ಇಂದು ಕಾಗದದ ಮೇಲೆ ನೆರವು ಇಲ್ಲದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವವರಿಗೂ, ಹೆಂಗಸರಿಗೂ, ಮಕ್ಕಳಿಗೂ ಉಚಿತವಾಗಿ ವಕೀಲರ ನೆರವು ದೊರೆಯಬೇಕು. ಅದಕ್ಕೆಂದು ತಾಲ್ಲೂಕು ಮಟ್ಟದಲ್ಲಿಯೂ ಸಮಿತಿಗಳಿವೆ. ಹೆತ್ತವರು ಸಾಕಲಾರದ ಸ್ಥಿತಿಯಲ್ಲಿರುವ ಮಕ್ಕಳಿಗೆ ‘ಮಿಷನ್ ವಾತ್ಸಲ್ಯ’ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶವಿದೆ. ಇದನ್ನು ಕೇಳಿ ಪಡೆಯಬಹುದೆಂಬ ಮಾತು ಆ ಮನೆಗಳಿಗೆ ತಲುಪಬೇಕು. ತಲುಪಿಸಬಲ್ಲವರು ಶಾಲೆಯ ಮೇಷ್ಟ್ರು, ಅಂಗನವಾಡಿಯ ಕಾರ್ಯಕರ್ತೆ, ಪಂಚಾಯಿತಿಯ ಸದಸ್ಯರು, ಓದುಬರಹ ಬಲ್ಲ ನೆರೆಯವರು. ಚೆನ್ನಮ್ಮಾಜಿ ಆಶ್ರಯ ಕೊಡಲು ದೊಡ್ಡ ಸೈನ್ಯವನ್ನೇ ಎದುರಿಸಬೇಕಾಯಿತು. ಆಕೆಯ ಹೆಸರನ್ನು ಹೊತ್ತ ಊರಿನಲ್ಲಿಯೂ ಅದರ ನೆರೆಯ ಊರುಗಳಲ್ಲಿಯೂ ಇಂದು ಬೇಕಾಗಿರುವುದು ಒಂದು ಅರ್ಜಿ ಬರೆದುಕೊಡುವಷ್ಟು ಸಮಯ, ‘ಜೈಲಿಗೆ ಹೋದವನ ಮಗ’ ಎಂದು ಕರೆಯದಿರುವಷ್ಟು ಸಂಯಮ.